ಮೊದಲು ಬೋಟಿನಿಂದ ಇಳಿಸಿ

ಅವರ ಕಂಪ್ಯೂಟರ್ ಕೋಣೆಗೆ ಒಣಮೀನಿನ ಬುಟ್ಟಿ ಹಿಡಿದುಕೊಂಡು ಹೋಗುವ ಹಾಗಿರಲಿಲ್ಲ. ಚಪ್ಪಲಿ ಹೊರಗೆ, ಬುಟ್ಟಿ ಹೊರಗೆ, ಬಾಯಲ್ಲಿ ಎಲೆಯಡಿಕೆ ಇದ್ದರೆ ಅದೂ ಹೊರಗೆ. ಮೊದಲ ದಿನ ನಾನು ಮೂರನ್ನೂ ಸೇರಿಸಿಕೊಂಡು ಒಳಗೆ ನುಗ್ಗಿದೆ. ಅವರು ಕುರ್ಚಿಯಿಂದ ಏಳಲಿಲ್ಲ, ಬೈಯಲೂ ಇಲ್ಲ. ಕನ್ನಡಕದ ಮೇಲಿನಿಂದ ಬುಟ್ಟಿ ನೋಡಿ, ‘ಆಯಿ, ಇಲಿ ಬಂದ್ರೆ ನಿಮ್ಮ ಸೆಟ್ಲಿ ತಿಂದು ಸುಮ್ಮನಾಗೂದಿಲ್ಲ. ಆಮೇಲೆ ನನ್ನ ವಾಯರ್ ತಿಂತದೆ’ ಎಂದರು. ಆಯಿ ಎಂದರೆ ಅಮ್ಮ, ವಯಸ್ಸಾದ ಹೆಂಗಸರನ್ನು ನಮ್ಮಲ್ಲಿ ಕರೆಯುವುದು ಹಾಗೆ; ಸೆಟ್ಲಿ ಎಂದರೆ ನಮ್ಮ ಕಡೆಯ ಸೀಗಡಿ. ಸೆಟ್ಲಿ ಎದುರಿಗಿರುವಾಗ ವಾಯರ್ ತಿನ್ನುವಷ್ಟು ದಡ್ಡ ಇಲಿ ಅಂಕೋಲೆಯಲ್ಲಂತೂ ಇಲ್ಲ, ಕಾರವಾರದ್ದು ಹೇಗೋ ಗೊತ್ತಿಲ್ಲ ಎಂದು ನಾನು ಹೇಳಿದೆ. ಅವರು ನಗಲಿಲ್ಲ. ಬುಟ್ಟಿ ಹೊರಗೆ ಹೋಯಿತು. ಸಂಜೆ ಹೊರಡುವಾಗ ಮಾತ್ರ ಅದೇ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಸೆಟ್ಲಿ ಎತ್ತಿ ಮೂಸಿ, ಹುಳ ಇದೆಯೋ ಎಂದು ನೋಡಿ ನೋಡಿ ಕೊಂಡರು. ನನ್ನ ಸೆಟ್ಲಿಯನ್ನು ಅಷ್ಟು ಅನುಮಾನಿಸಿದವರು ಅವರ ಮೊದಲೂ ಇರಲಿಲ್ಲ, ನಂತರವೂ ಇಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಫೋನಿಗೆ ಬಂತು. ಫೋನಿನಲ್ಲಿ ಅಕ್ಷರ ಒತ್ತುವುದನ್ನು ನನಗೆ ಕಲಿಸಿದವರು ಅವರೇ ಆದ್ದರಿಂದ ಇದನ್ನೂ ಫೋನಿನಲ್ಲೇ ಒತ್ತುತ್ತಿದ್ದೇನೆ. ಒಂದೇ ಬೆರಳಿನಲ್ಲಿ. ಮೀನು ಕೊಯ್ದು ಕೊಯ್ದು ಜಡ್ಡುಗಟ್ಟಿದ ಬೆರಳು. ಅದು ಬೆರಳೆಂದು ಫೋನಿಗೆ ಒಮ್ಮೊಮ್ಮೆ ನಂಬಿಕೆಯೇ ಬರುವುದಿಲ್ಲ. ಅವರ ಹೆಸರು ಬರೆಯುವುದಿಲ್ಲ. ಊರಿನವರ ಹೆಸರನ್ನೆಲ್ಲ ತಪ್ಪಿಲ್ಲದೆ ಬರೆದು ಕಾಪಾಡಿದವರು ತಮ್ಮ ಹೆಸರನ್ನು ಎಲ್ಲಿಯಾದರೂ ಕಂಡರೆ ಮುಜುಗರಪಡುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಇವರು ಶಾಲೆಯವರಲ್ಲ, ಕಾರವಾರದ ಬಂದರಿನ ಹತ್ತಿರ ನಮ್ಮ ಮೀನುಗಾರರ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಆದರೆ ಎದುರಿಗೆ ಕೂತವರಿಗೆ ಏನಾದರೊಂದು ಕಲಿಸದೆ ಏಳಲು ಬಿಡುತ್ತಿರಲಿಲ್ಲ. ಹಾಗಾಗಿ ಹೆಸರು ಅಂಟಿಕೊಂಡಿತು.

ನಾನು ಅಂಕೋಲೆ ಹತ್ತಿರದ ಬೇಲೇಕೇರಿಯವಳು. ಕಮಿಟಿಯಲ್ಲಿ ಹೆಂಗಸರ ಸೀಟು ಖಾಲಿ ಉಳಿದಿದೆ ಎಂದು ನನ್ನನ್ನು ಎಳೆದುಕೊಂಡು ಹೋಗಿ ಕೂರಿಸಿದ್ದರು. ಬಾಯಿ ಮುಚ್ಚಿಕೊಂಡು ಚಹ ಕುಡಿದು ಸಹಿ ಹಾಕಿ ಹೋಗುತ್ತಾಳೆ ಎಂದುಕೊಂಡಿರಬೇಕು. ಚಹ ಕುಡಿದೆ, ಸಹಿ ಹಾಕಿದೆ, ಬಾಯಿಯೊಂದು ಮುಚ್ಚಲಾಗಲಿಲ್ಲ. ಮೀಟಿಂಗ್ ಮುಗಿದ ಮೇಲೆ ಅಂಕೋಲೆ ಬಸ್ಸಿಗೆ ಹೊತ್ತಿರುತ್ತಿತ್ತು. ಇಡೀ ಸೊಸೈಟಿಯಲ್ಲಿ ತಂಪಾದ ಗಾಳಿ ಬರುತ್ತಿದ್ದದ್ದು ಅಕ್ಕೋರ ಕೋಣೆಯಲ್ಲಿ ಮಾತ್ರ. ನಾನು ಅಲ್ಲಿ ಕೂತದ್ದು ಆ ತಂಪಿಗಾಗಿ, ಜ್ಞಾನಕ್ಕಾಗಿ ಅಲ್ಲ.

ಸುಮ್ಮನೆ ಕೂತವಳಿಗೆ ಅವರು ಹೇಳತೊಡಗಿದರು. ಒಂದು ಪಟ್ಟಿಯಲ್ಲಿ ಮೆಂಬರುಗಳು. ಇನ್ನೊಂದರಲ್ಲಿ ಬೋಟುಗಳು. ಮೂರನೆಯದರಲ್ಲಿ ಯಾವ ಬೋಟಿನಲ್ಲಿ ಯಾರು ಖಲಾಸಿ, ಯಾರು ತಾಂಡೇಲ ಎಂಬುದು. ಖಲಾಸಿ ಎಂದರೆ ಬೋಟಿನ ಕೆಲಸದವನು, ತಾಂಡೇಲ ಎಂದರೆ ಬೋಟು ನಡೆಸುವವನು. ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ಬೇರೆ ಬೇರೆ ಇಟ್ಟು ನಡುವೆ ಕೊಂಡಿ ಹಾಕುತ್ತಾರೆ. ಬಂಗಡೆ, ತಾರ್ಲೆ, ಸೆಟ್ಲಿಯನ್ನು ಬೇರೆ ಬೇರೆ ಗಡಿಗೆಯಲ್ಲಿ ತುಂಬುವ ಹಾಗೆ ಎಂದೆ ನಾನು. ಹೌದು, ಆದರೆ ನಿಮ್ಮ ಬಂಗಡೆಗೆ ಸೆಟ್ಲಿಯ ಪರಿಚಯ ಇರುವುದಿಲ್ಲ, ಇಲ್ಲಿ ಇರಬೇಕು ಎಂದರು.

ಬೋಟು ಕಡಲಿಗೆ ಇಳಿಯುವ ಮೊದಲು ಆ ಬೋಟಿನಲ್ಲಿರುವವರ ಹೆಸರಿನ ಪಾಸು ಈ ಯಂತ್ರದಿಂದಲೇ ಬರುತ್ತಿತ್ತು. ಕಡಲಲ್ಲಿ ಏನಾದರೂ ಆದರೆ ಯಾರನ್ನು ಹುಡುಕಬೇಕು ಎಂಬುದು ಗೊತ್ತಾಗುವುದು ಆ ಪಾಸಿನಿಂದ. ಅದಕ್ಕೇ ಅಕ್ಕೋರು ಒಂದು ಕಟ್ಟುನಿಟ್ಟು ಮಾಡಿದ್ದರು. ಬೋಟಿನಲ್ಲಿ ಹೆಸರಿರುವವನನ್ನು ಮೆಂಬರುಗಳ ಪಟ್ಟಿಯಲ್ಲಿ ತೀರಿಕೊಂಡನೆಂದು ಬರೆದು ಮುಚ್ಚಲು ಹೋದರೆ ಯಂತ್ರ ಒಪ್ಪುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಗುಮಾಸ್ತ ಒಂದೇ ಹೆಸರಿನ ಇಬ್ಬರಲ್ಲಿ ಗೊಂದಲ ಮಾಡಿಕೊಂಡು, ಕಡಲಿನಲ್ಲಿ ಬಲೆ ಎಳೆಯುತ್ತಿದ್ದವನನ್ನು ತೀರಿಕೊಂಡನೆಂದು ಬರೆದುಬಿಟ್ಟಿದ್ದ. ಆ ಮನುಷ್ಯ ಬಂದು, ನನಗೆ ಹೇಳದೆ ನನ್ನನ್ನು ಹೇಗೆ ಸಾಯಿಸಿದಿರಿ ಎಂದು ಜಗಳ ತೆಗೆದಿದ್ದನಂತೆ. ಆಗ ಅಕ್ಕೋರು ಈ ಬೀಗ ಹಾಕಿ, ಯಂತ್ರ ತೋರಿಸಬೇಕಾದ ಮಾತನ್ನೂ ತಾವೇ ಕನ್ನಡದಲ್ಲಿ ಬರೆದರು: ‘ಈ ಸದಸ್ಯರು ಬೋಟಿನಲ್ಲಿದ್ದಾರೆ. ಮೊದಲು ಬೋಟಿನಿಂದ ಇಳಿಸಿ.’

ಅದನ್ನು ನನಗೆ ತೋರಿಸುವಾಗ ಮಗುವಿನ ಜಡೆ ತೋರಿಸುವ ತಾಯಿಯ ಹಾಗಿದ್ದರು.

ಶನಿವಾರ ಬಂತೆಂದರೆ ಬ್ಯಾಕಪ್. ಅಂದರೆ ಎಲ್ಲದರ ಇನ್ನೊಂದು ಪ್ರತಿ. ಅದನ್ನು ಅಂಗೈಯಷ್ಟು ಪೆಟ್ಟಿಗೆಗೆ ಇಳಿಸಿ, ತಾವೇ ಹೊಲಿದ ಕೆಂಪು ಚೀಲದಲ್ಲಿ ಹಾಕಿ, ಕಾಳಿ ಹೊಳೆಯ ಸೇತುವೆ ದಾಟಿ ಸದಾಶಿವಗಡದ ಮನೆಗೆ ಒಯ್ಯುತ್ತಿದ್ದರು. ಮುಂದಿನ ವಾರ ನೀಲಿ ಚೀಲ. ಆಮೇಲೆ ಮತ್ತೆ ಕೆಂಪು. ಹಳೆಯದರ ಮೇಲೆ ಹೊಸದು. ಆಫೀಸಿಗೆ ಬೆಂಕಿ ಬಿದ್ದರೂ, ಕಡಲು ಒಳಗೆ ಬಂದರೂ, ಹೊಳೆಯ ಆಚೆ ಒಂದು ಪ್ರತಿ ಉಳಿಯಬೇಕು. ಮಳೆಗಾಲಕ್ಕೆಂದು ಬೇಸಿಗೆಯಲ್ಲಿ ಮೀನು ಒಣಗಿಸಿಡುವ ನಮಗೆ ಇದು ಹೊಸದೇನಲ್ಲ ಎಂದೆ. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. ‘ಒಣಗ್ಸಿ ಇಡೂದು ದೊಡ್ಡದಲ್ಲ ಆಯಿ. ಮುಚ್ಚಳ ತೆಗ್ದು ನೋಡ್ಬೇಕು. ನೋಡದ ಗಡಿಗೆ ಖಾಲಿ ಗಡಿಗೆ.’ ಸೆಟ್ಲಿ ಮೂಸಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ತಿಂಗಳಿಗೊಮ್ಮೆ ಅದನ್ನು ಪೂರ್ತಿ ಒರೆಸಿ, ಚೀಲದಲ್ಲಿದ್ದ ಪ್ರತಿಯನ್ನು ಅದಕ್ಕೆ ತುಂಬಿ, ಎಲ್ಲವೂ ಮರಳಿ ಬಂತೋ ಎಂದು ನೋಡುತ್ತಿದ್ದರು. ಮರಳಿ ಬಂದದ್ದಕ್ಕೆ ಸಾಕ್ಷಿ ನಾನು. ‘ಆಯಿ, ಏನಾದ್ರೂ ಕೇಳಿ’ ಎನ್ನುತ್ತಿದ್ದರು. ನಾನು ಬೇಲೇಕೇರಿಯ ಯಾವನಾದರೂ ಒಬ್ಬನನ್ನು ಹಿಡಿದು, ಇವನ ಬೋಟು ಯಾವುದು, ಬೋಟಿನಲ್ಲಿ ಇವನ ಜೊತೆ ಯಾರು ಎಂದು ಕೇಳುವುದು. ಅವರು ಬಟನ್ ಒತ್ತಿ ಹೇಳುವುದು. ನಾನು ಸರಿಯೆಂದು ತಲೆಯಾಡಿಸುವುದು. ಒಮ್ಮೆ, ನಮ್ಮೂರಲ್ಲಿ ಎರಡು ಮನೆಗೆ ಮೀನು ಕೊಂಡು ಹೋಗುವ ಗಂಡಸು ಯಾರು ಎಂದು ಕೇಳಿದೆ. ಆ ಕಾಲಂ ಇಲ್ಲ ಎಂದರು. ಹಾಗಿದ್ದರೆ ನಿಮ್ಮ ಯಂತ್ರಕ್ಕೆ ನಮ್ಮೂರಿನ ಅರ್ಧ ವಿಷಯ ಗೊತ್ತೇ ಇಲ್ಲ ಎಂದೆ. ಅವತ್ತು ನಕ್ಕರು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು, ನಗು ಕೀಬೋರ್ಡಿನ ಮೇಲೆ ಚೆಲ್ಲಿಬಿಡುತ್ತದೆ ಎನ್ನುವ ಹಾಗೆ.

ಅವರಿಗೆ ಮದುವೆಯಾಗಿರಲಿಲ್ಲ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿದವರೂ ಅವರೇ, ಶಾಲೆಗೆ ಕಳಿಸಿದವರೂ ಅವರೇ. ಅವನನ್ನು ಬಾಬು ಎಂದು ಕರೆಯುತ್ತಿದ್ದರು. ಶಾಲೆ ಅವನಿಗೆ ಹಿಡಿಸಲಿಲ್ಲ, ಬೋಟು ಹಿಡಿಸಿತು. ಕಡಲಿನಿಂದ ಬಂದ ದಿನ ಮೀನಿನ ಕಟ್ಟು ಹಿಡಿದುಕೊಂಡು ಕೋಣೆಯ ಹೊಸ್ತಿಲಾಚೆ ನಿಲ್ಲುತ್ತಿದ್ದ. ಅಕ್ಕನ ಕಾನೂನು ಅವನಿಗೂ ಅನ್ವಯ. ಅಲ್ಲಿಂದಲೇ ನನ್ನನ್ನು ಕೆಣಕುವನು, ಆಯಿ, ನಿಮ್ಮ ಒಣಬಂಗಡೆಗಿಂತ ನನ್ನ ಚಪ್ಪಲಿ ಮೆತ್ತಗಿದೆ ಎಂದು. ನಾನು ನಿನ್ನ ಚಪ್ಪಲಿಯನ್ನೇ ಸಾರು ಮಾಡಿ ಉಣ್ಣು ಎನ್ನುವುದು. ಅಕ್ಕೋರು ತಲೆ ಎತ್ತದೆ, ನಗು ಮಾತ್ರ ಸೆರಗಿನಲ್ಲಿ.

ಒಂದು ಸಂಜೆ ಅವನು ಬಾಗಿಲಿಗೆ ಒರಗಿಕೊಂಡು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

‘ಅಕ್ಕಾ, ನನ್ನ ಈ ಬೋಟಿಂದ ಇಳ್ಸು. ಬೇರೆದಕ್ಕೆ ಹಾಕು. ಇದ್ರದ್ದು ಎಂಜಿನು ಸರಿ ಇಲ್ಲ, ತಾಂಡೇಲಂಗೂ ಹೇಳಿ ಸಾಕಾಯ್ತು.’

‘ಮಾಲಕನ ಚೀಟಿ ತಾ. ಚೀಟಿ ಇಲ್ದೆ ನಾನು ಯಾರನ್ನೂ ಇಳ್ಸೂದಿಲ್ಲ.’

‘ತಮ್ಮಂಗೂ ಚೀಟಿಯಾ?’

‘ತಮ್ಮಂಗೆ ಮೊದ್ಲು. ಸೀಸನ್ ಮುಗೀಲಿ ಬಾಬು, ಇಳಸ್ತೆ.’

ಅವನು ತಮಾಷೆಯಲ್ಲೇ ಕೇಳಿದ್ದ. ಅವರೂ ತಮಾಷೆಯಲ್ಲೇ ಹೇಳಿದ್ದರು. ಮೀನಿನ ಕಟ್ಟು ಹೊಸ್ತಿಲಲ್ಲಿಟ್ಟು ಅವನು ಶಿಳ್ಳೆ ಹಾಕುತ್ತ ಹೋದ.

ಸೀಸನ್ ಮುಗಿಯಲಿಲ್ಲ. ಮೋಡ ಕಟ್ಟಿದ ಒಂದು ಬೆಳಿಗ್ಗೆ ಬೋಟು ವಾಪಸು ಬರುವಾಗ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಕಡೆ, ಎಂಜಿನು ನಿಂತಿತು. ಅಡ್ಡತೆರೆ ಬೋಟನ್ನು ಮಗುಚಿ ಹಾಕಿತು. ಉಳಿದವರು ಈಜಿಕೊಂಡೋ ಹಗ್ಗ ಹಿಡಿದೋ ಬಂದರು. ಬೋಟು ಕೂಡ ಸಿಕ್ಕಿತು. ಬಾಬು ಸಿಗಲಿಲ್ಲ. ಹುಡುಕುವವರ ಕೈಯಲ್ಲಿದ್ದ ಪಾಸು ಅಕ್ಕೋರೇ ಮುದ್ರಿಸಿದ್ದು. ದಂಡೆಯಲ್ಲಿ ನಿಂತು ಅವರು ಅಳಲಿಲ್ಲ. ಹೆಸರು ಒಂದೊಂದಾಗಿ ಕೂಗುವಾಗ, ಒಂದು ಹೆಸರಿಗೆ ಯಾರೂ ಓ ಅನ್ನದಾಗ, ಅವರು ಮೆಲ್ಲಗೆ ನನ್ನ ಕೈ ಹಿಡಿದು, ಹೆಸರು ಸರಿಯಾಗಿ ಅಚ್ಚಾಗಿದೆಯಲ್ಲ ಎಂದು ಕೇಳಿದರು. ಆಗಿದೆ ಎಂದೆ.

ಸರ್ಕಾರದ ಕಾಗದ ಬರಲು ಸಮಯ ಹಿಡಿಯಿತು. ಬಂದ ಮೇಲೆ ಅಕ್ಕೋರು ಬಾಗಿಲು ಹಾಕಿಕೊಂಡು ತಾವೇ ಅವನ ಹೆಸರನ್ನು ಮುಚ್ಚಿದರಂತೆ. ನಾನಿರಲಿಲ್ಲ. ಕೆಲಸಕ್ಕೆ ಮರಳಿದರು, ಶನಿವಾರ ಬ್ಯಾಕಪ್ಪನ್ನೂ ಮಾಡಿದರು. ಆದರೆ ಕೆಂಪು ಚೀಲ ಕಾಣಲಿಲ್ಲ. ಅದರ ಬದಲು ಹೊಸದೊಂದು ಬಿಳಿ ಚೀಲ ಬಂತು. ಚೀಲಗಳನ್ನು ಮನೆಗೆ ಒಯ್ಯುವುದನ್ನೂ ನಿಲ್ಲಿಸಿದರು. ಸೇತುವೆ ಮೇಲಿಂದ ಅಳಿವೆ ಕಾಣುತ್ತದೆ. ಅದನ್ನು ದಾಟುವಾಗ ಅವರು ಕಣ್ಣು ಮುಚ್ಚಿ ಕೂರುತ್ತಾರೆಂದು ಬಸ್ಸಿನ ಕಂಡಕ್ಟರ್ ಹೇಳಿದ. ‘ಆಯಿ, ಏನಾದ್ರೂ ಕೇಳಿ’ ಎಂಬ ಮಾತೂ ನಿಂತಿತು. ಮೂಲೆಯ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಿದ್ದರು. ನಾನೂ ಕೇಳಲಿಲ್ಲ. ಕಳೆದುಕೊಂಡವರಿಗೆ, ಹೋದದ್ದನ್ನು ಮರಳಿ ತರುವ ಕೆಲಸವನ್ನು ಆಟಕ್ಕೂ ಮಾಡಲು ಹೇಗೆ ಹೇಳುವುದು?

ಮರುವರ್ಷದ ಮಳೆಗಾಲದಲ್ಲಿ ಸಿಡಿಲು ಬಡಿಯಿತು. ಯಂತ್ರ ಸುಟ್ಟಿತು. ಯಂತ್ರಕ್ಕೆ ಚುಚ್ಚಿಯೇ ಇಟ್ಟಿದ್ದ ಬಿಳಿ ಚೀಲದ ಪ್ರತಿಯೂ ಜೊತೆಗೆ ಹೋಯಿತು. ಡ್ರಾಯರಿನಲ್ಲಿದ್ದ ನೀಲಿ ಚೀಲದ್ದನ್ನು ಹೊಸ ಯಂತ್ರಕ್ಕೆ ಹಾಕಿದರೆ ತೆರೆಯಲೇ ಇಲ್ಲ. ಕಡಲ ಗಾಳಿ ತಿಂದಿತ್ತೋ ಏನೋ, ತಿಂಗಳುಗಟ್ಟಲೆ ಯಾರೂ ಮುಚ್ಚಳ ತೆಗೆದು ನೋಡಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿಯುವ ದಿನ ಹತ್ತಿರ ಬಂದಿತ್ತು. ಪಾಸಿಲ್ಲದೆ ಒಂದು ಬೋಟೂ ಇಳಿಯುವಂತಿಲ್ಲ. ತಾಂಡೇಲರು ಬಂದು ವರಾಂಡದಲ್ಲಿ ಕೂತರು. ಕಮಿಟಿಯವರು ಮುಖ ಮುಖ ನೋಡಿಕೊಂಡೆವು.

ಅಕ್ಕೋರು ತೆರೆಯದ ಪ್ರತಿಯನ್ನು ಯಂತ್ರದಿಂದ ಕಿತ್ತು ಮತ್ತೆ ನೀಲಿ ಚೀಲಕ್ಕೆ ಹಾಕಿದರು. ಆಮೇಲೆ ಹೇಳಿದರು: ‘ಮನೇಲಿ ಒಂದು ಅದೆ.’

ಮರುದಿನ ಕೆಂಪು ಚೀಲ ತಂದರು. ಅಕ್ಕಿ ಡಬ್ಬಿಯ ಒಳಗಿಟ್ಟಿದ್ದರಂತೆ, ತೇವ ತಾಗದ ಹಾಗೆ. ಅವನು ಹೋಗುವ ಹಿಂದಿನ ಶನಿವಾರದ ಪ್ರತಿ. ಪದ್ಧತಿಯಂತೆ ಎಂದೋ ಅದರ ಮೇಲೆ ಹೊಸದನ್ನು ಬರೆಯಬೇಕಿತ್ತು. ಬರೆದಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ ಆದಾಗ ಅವರೇ ಹೇಳಿದರು: ‘ಇದ್ರಲ್ಲಿ ಅವ ಇದ್ದ ಆಯಿ. ಅಳ್ಸೂಕೆ ಆಗ್ಲಿಲ್ಲ.’

ಅದು ತೆರೆಯಿತು. ಎಲ್ಲವೂ ಮರಳಿ ಬಂತು, ಆದರೆ ಆ ಶನಿವಾರದವರೆಗಿನದು ಮಾತ್ರ. ಅಲ್ಲಿಂದೀಚೆಗೆ ಆದದ್ದೆಲ್ಲ, ಯಾರು ಬೋಟು ಬದಲಿಸಿದರು, ಯಾರು ಹೊಸದಾಗಿ ಸೇರಿದರು, ಅದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನೆಲ್ಲ ಮತ್ತೆ ಒತ್ತಬೇಕು. ಅಕ್ಕೋರು ಚೀಟಿಗಳನ್ನೆಲ್ಲ ನಂಬರು ಹಾಕಿ ತಂತಿಗೆ ಪೋಣಿಸಿಟ್ಟಿದ್ದರು. ಬಂದ ಕ್ರಮದಲ್ಲೇ ಒತ್ತಬೇಕು, ನಡುವೆ ಒಂದನ್ನೂ ಬಿಡುವಂತಿಲ್ಲ. ನಾನು ಓದುವುದು, ಅವರು ಒತ್ತುವುದು ಎಂದಾಯಿತು.

ಬೆಳಿಗ್ಗೆಯಿಂದ ಓದಿದೆ. ಹೊರಗೆ ಮಳೆ ಹಿಡಿದಿತ್ತು. ಯಾವನೋ ಬೈತಕೋಲದವನು ಒಂದೇ ಸೀಸನ್ನಿನಲ್ಲಿ ಬೋಟಿನಿಂದ ಬೋಟಿಗೆ ಹಾರಿದ್ದನ್ನು ಓದಿ, ಇವನಿಗೆ ಕಾಲಿದೆಯೋ ರೆಕ್ಕೆಯೋ ಎಂದು ಬೈದೆ. ಅಕ್ಕೋರು ಸಣ್ಣಗೆ ನಕ್ಕರು ಕೂಡ. ಮುಂದಿನ ಚೀಟಿ ತೆಗೆದರೆ ಅದು ಬಾಬುವಿನದು.

ನಾನು ತಡವರಿಸಲಿಲ್ಲ, ಕೆಮ್ಮಲಿಲ್ಲ. ಮೀನು ಮಾರುವಾಗ ಕೆಟ್ಟದ್ದೊಂದನ್ನು ಕೈಮರೆಯಲ್ಲಿ ಬುಟ್ಟಿಯಡಿಗೆ ಸರಿಸುವುದು ನನಗೆ ಗೊತ್ತು. ಚೀಟಿಯನ್ನು ತೊಡೆಯಡಿಗೆ ಸರಿಸಿ ಅದರ ಮುಂದಿನದನ್ನು ಓದಿದೆ. ಅವರ ಬೆರಳು ನಿಂತಿತು.

‘ಆಯಿ, ಒಂದು ನಂಬರು ತಪ್ಪೋಯ್ತು.’

‘ಕಣ್ಣು ಕಾಣೂದಿಲ್ಲ ಮಾರಾಯ್ತಿ. ಅದು ಆಮೇಲೆ ನೋಡ್ವ.’

‘ಅದನ್ನೂ ಓದಿ.’

ಓದಿದೆ. ಅವರು ಹೆಸರು ಒತ್ತಿದರು, ತೀರಿಕೊಂಡರು ಎಂದಿದ್ದ ಕಡೆ ಒತ್ತಿದರು. ಪರದೆಯ ಮೇಲೆ ಅವರದೇ ಮಾತು ಬಂತು. ಈ ಸದಸ್ಯರು ಬೋಟಿನಲ್ಲಿದ್ದಾರೆ. ಮೊದಲು ಬೋಟಿನಿಂದ ಇಳಿಸಿ.

ಅವರು ಅದನ್ನು ನೋಡುತ್ತಲೇ ಕೂತರು. ವರಾಂಡದಲ್ಲಿ ಅದೇ ಬೋಟಿನ ತಾಂಡೇಲ ತಲೆ ತಗ್ಗಿಸಿ ಕೂತಿದ್ದ. ಬೋಟು ರಿಪೇರಿಯಾಗಿ, ಹೊಸ ಎಂಜಿನು ಹಾಕಿಕೊಂಡು ಸಿದ್ಧವಾಗಿತ್ತು. ಹೆಸರನ್ನು ತೆಗೆಯದಿದ್ದರೆ ಬಾಬುವೂ ಸೇರಿ ಪಾಸು ಅಚ್ಚಾಗಿ ಆ ತಾಂಡೇಲನ ಕೈಗೆ ಹೋಗುತ್ತದೆ.

‘ಅವ ಕೇಳಿದ್ದ ಆಯಿ’ ಎಂದರು. ‘ಇಳ್ಸು ಅಂತ ಕೇಳಿದ್ದ. ನಾನು ಚೀಟಿ ಕೇಳ್ದೆ.’

ನಾನು ಕೈಯಲ್ಲಿದ್ದ ಚೀಟಿಯನ್ನು ತಂತಿಗೆ ಮರಳಿ ಪೋಣಿಸಿದೆ.

‘ಹೋದ ಸಲ ಹೆಂಗೆ ಮಾಡ್ದೆ ಗೊತ್ತಿಲ್ಲ. ಈಗ ಆಗೂದಿಲ್ಲ. ನೀವು ಇಳ್ಸಿ.’

ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತೆ. ಎಲ್ಲಿ ಒತ್ತಬೇಕೆಂದು ಅವರು ಬೆರಳಿನಿಂದ ತೋರಿಸಿದರು, ನಾನು ಒತ್ತಿದೆ. ಆಗ ಯಂತ್ರ ಕಾರಣ ಕೇಳಿತು. ಖಲಾಸಿಗಳು ಬೋಟು ಬಿಡುವ ಕಾರಣಗಳನ್ನು ಅವರೇ ಹಿಂದೆ ಸಾಲಾಗಿ ಬರೆದಿಟ್ಟಿದ್ದರು: ಬೇರೆ ಬೋಟು ಸೇರಿದರು, ಕೆಲಸ ಬಿಟ್ಟರು, ಮೈ ಹುಷಾರಿಲ್ಲ, ಊರಿಗೆ ಹೋದರು, ಇತರೆ. ಹೊರಗಿನಿಂದ ಬಂದು ದುಡಿಯುವ ಖಲಾಸಿಗಳು ಮನೆ ನೆನಪಾಗಿ ಹೊರಟರೆ ಊರಿಗೆ ಹೋದರು ಎಂದು ಹಾಕುತ್ತಿದ್ದರು. ಬಾಬುವಿನಂಥವರಿಗೆ ‘ಇತರೆ’ ಎಂದು ಹಾಕಬೇಕು. ಅದು ನನಗೆ ಗೊತ್ತಿತ್ತು, ಅಷ್ಟು ವರ್ಷ ಆ ಕೋಣೆಯಲ್ಲಿ ಕೂತವಳು.

ಎತ್ತಿ ಬೆಳೆಸಿದ ಹುಡುಗನನ್ನು ‘ಇತರೆ’ ಎನ್ನುವುದಕ್ಕೆ ನನ್ನ ಬೆರಳು ಒಪ್ಪಲಿಲ್ಲ. ಊರಿಗೆ ಹೋದರು ಎಂಬುದನ್ನು ಒತ್ತಿದೆ.

ಒತ್ತಿ ಹಿಂದೆ ತಿರುಗಿ ನೋಡಿದೆ. ಸೆಟ್ಲಿಯಲ್ಲಿ ಹುಳ ಹುಡುಕುವವರು, ತಮ್ಮನಿಗೂ ಚೀಟಿ ಕೇಳಿದವರು, ಒಂದು ಇನಿಶಿಯಲ್ ತಪ್ಪಿದರೂ ಊಟ ಬಿಟ್ಟು ತಿದ್ದುವವರು. ತಿದ್ದುತ್ತಾರೆ ಎಂದುಕೊಂಡೆ. ಅವರು ಪರದೆಯನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದರು. ನಗುವಾಗ ಹಿಡಿಯುತ್ತಿದ್ದ ಹಾಗೇ ಹಿಡಿದರು. ಆ ಸೆರಗಿನೊಳಗಿಂದ ಬಂದ ಸದ್ದು, ಬಾಬು ಹೋದ ದಿನ ದಂಡೆಯಲ್ಲಿ ಬರಬೇಕಾಗಿದ್ದದ್ದು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೂತು, ಮುಂದಿನ ಚೀಟಿ ಓದಿ ಎಂದರು. ಸಂಜೆಯೊಳಗೆ ಆ ಬೋಟಿನ ಪಾಸು ಅಚ್ಚಾಯಿತು. ತಾಂಡೇಲ ಅದನ್ನು ತೆಗೆದುಕೊಂಡು, ಹೆಸರುಗಳ ಮೇಲೆ ಕಣ್ಣಾಡಿಸಿ, ಅಕ್ಕೋರಿಗೆ ಕೈ ಮುಗಿದು ಹೋದ.

ಆ ವಾರದಿಂದ ಚೀಲ ಮತ್ತೆ ಸೇತುವೆ ದಾಟತೊಡಗಿತು. ಕಣ್ಣು ತೆರೆದುಕೊಂಡೇ ಕೂರುತ್ತಾರೆ ಎಂದು ಕಂಡಕ್ಟರ್ ವರದಿ ಕೊಟ್ಟ. ಮೂಲೆಯ ಕಂಪ್ಯೂಟರಿನ ಬಟ್ಟೆ ತೆಗೆದರು, ‘ಆಯಿ, ಏನಾದ್ರೂ ಕೇಳಿ’ ಎಂಬುದು ಮರಳಿ ಬಂತು. ಫೋನಿನಲ್ಲಿ ಬರೆಯುವುದನ್ನು ಕಲಿಸಿದ್ದು ಅವರು ನಿವೃತ್ತರಾದ ಮೇಲೆ. ಬೆರಳನ್ನು ಬಂಗಡೆಯ ಹೊಟ್ಟೆಗೆ ಒತ್ತುವ ಹಾಗೆ ಒತ್ತಬೇಡಿ, ಮುಟ್ಟಿ ಬಿಡಿ ಸಾಕು ಎನ್ನುತ್ತಿದ್ದರು. ನಾನು ಮೊದಲು ಕಳಿಸಿದ ಸಂದೇಶ, ಸೆಟ್ಲಿ ಬಂದಿದೆ, ಹುಳ ಇಲ್ಲ ಎಂದು. ಬಂದು ನೋಡುತ್ತೇನೆ ಎಂದು ಉತ್ತರ ಬಂತು.

ಕಾಯಿಲೆ ಬೇಗ ತಿಂದಿತು ಅವರನ್ನು. ಆಸ್ಪತ್ರೆಗೆ ಹೋದಾಗ ದಿಂಬಿನಡಿಯಿಂದ ಕೆಂಪು ಚೀಲ ತೆಗೆದು ನನ್ನ ಕೈಯಲ್ಲಿಟ್ಟರು. ಮನೆಯಲ್ಲಿಟ್ಟರೆ ಹಳೆಯದೆಂದು ಯಾರಾದರೂ ಅಳಿಸುತ್ತಾರೆ ಎಂದರು. ನನಗೆ ಅದನ್ನು ತೆರೆಯಲು ಬರುವುದಿಲ್ಲವಲ್ಲ ಎಂದೆ.

‘ತೆಗಿಯೂಕೆ ಸೊಸೈಟೀಲಿ ಹುಡುಗಿ ಇದ್ದಾಳೆ’ ಎಂದರು. ‘ನೀವು ಕೇಳೂಕೆ.’

ಮೊನ್ನೆ ಚೀಲ ಹಿಡಿದುಕೊಂಡು ಕಾರವಾರಕ್ಕೆ ಹೋಗಿದ್ದೆ. ಚಪ್ಪಲಿಯನ್ನೂ ಬುಟ್ಟಿಯನ್ನೂ ಹೊರಗಿಟ್ಟೆ. ಒಳಗೆ ತರಬೇಡಿ ಎನ್ನುವವರು ಯಾರೂ ಇರಲಿಲ್ಲ, ಆದರೂ ಇಟ್ಟೆ. ಅಕ್ಕೋರ ಜಾಗಕ್ಕೆ ಬಂದ ಹುಡುಗಿ ಒಳ್ಳೆಯವಳು. ಮೂಲೆಯ ಹಳೇ ಕಂಪ್ಯೂಟರಿಗೆ ಅದನ್ನು ಹಾಕಿ ಕಾದಳು. ಬಹಳ ಹೊತ್ತು ಹಿಡಿಯಿತು. ಎಲ್ಲ ಬಂದದೆ ಆಯಿ, ಏನು ನೋಡ್ಬೇಕು ಎಂದಳು.

ಬೋಟಿನ ಹೆಸರು ಹೇಳಿದೆ. ಅದರಲ್ಲಿ ಯಾರ್ಯಾರು ಇದ್ದಾರೆ, ಓದು ಎಂದೆ.

ಅವಳು ತಾಂಡೇಲನ ಹೆಸರು ಓದಿದಳು. ಖಲಾಸಿಗಳನ್ನು ಓದಿದಳು. ಬಾಬುವಿನ ನಿಜ ಹೆಸರು ಬಂತು; ಅದರ ಮುಂದೆ ಇದ್ದದ್ದನ್ನೂ ಓದಿದಳು, ಬೋಟಿನಲ್ಲಿದ್ದಾರೆ ಎಂದು. ಇದೆಲ್ಲ ಯಾರು ಬರೆದದ್ದು ಎಂದೂ ಅಲ್ಲಿ ಇರುತ್ತದಲ್ಲ, ಅದನ್ನೂ ಓದು ಎಂದೆ. ಅಕ್ಕೋರ ಹೆಸರು ಓದಿದಳು.

ಸರಿಯಾ ಆಯಿ ಎಂದು ಕೇಳಿದಳು. ನಾನು ಎಂದಿನಂತೆ ತಲೆಯಾಡಿಸಿದೆ.